ನೂಲು ಮೇಸ್ತ್ರಿಯ ಎಡಗೈ

ನಮ್ಮ ಬೀದಿಯಲ್ಲಿ ನನ್ನ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ನಾನು ನೂಲು ಮೇಸ್ತ್ರಿ. ಗಾಡಿಯ ಎರಡೂ ಪಕ್ಕಕ್ಕೆ ಬಿಗಿಯಾಗಿ ನೂಲು ಕಟ್ಟಿ, ಚಕ್ರದ ಅಂಚಿನಿಂದ ನೂಲಿಗೆ ಎಷ್ಟು ದೂರ ಎಂದು ಸ್ಕೇಲು ಹಿಡಿದು ಅಳೆದು, ನಾಲ್ಕೂ ಚಕ್ರಗಳನ್ನು ನೆಟ್ಟಗೆ ನಿಲ್ಲಿಸುವುದು ನನ್ನ ಕಸುಬು. ಈಗ ಅದಕ್ಕೆ ಕಂಪ್ಯೂಟರ್ ಬಂದಿದೆ. ಮುಖ್ಯರಸ್ತೆಯ ದೊಡ್ಡ ವರ್ಕ್‌ಶಾಪಿನವರು ಕಂಪ್ಯೂಟರಿನಲ್ಲಿ ಅಳೆದು ಕಳಿಸಿದ ಗಾಡಿ ವಾರ ಕಳೆಯುವಷ್ಟರಲ್ಲಿ ನನ್ನ ಬಾಗಿಲಿಗೆ ಬಂದು ನಿಂತರೆ ನಾನು ಒಳಗೊಳಗೇ ಹಿಗ್ಗುತ್ತೇನೆ. ಒಳಗೊಳಗೇ ಎಲ್ಲಿ ಬಂತು, ಬೀದಿಯ ಆ ತುದಿಗೂ ಕೇಳಿಸುವ ಹಾಗೆ ಹಿಗ್ಗುತ್ತೀರಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಸುಳ್ಳು ಕಡಿಮೆ.

ಜಂಭ ಇದೆ, ಇಲ್ಲ ಎನ್ನುವುದಿಲ್ಲ. ಮೂವತ್ತೆರಡು ವರ್ಷ ಗಾಡಿಗಳ ಅಡಿಯಲ್ಲಿ ಬೆನ್ನು ಸವೆಸಿದವನಿಗೆ ಅಷ್ಟೂ ಇರಬಾರದೆಂದರೆ ಹೇಗೆ? ನನ್ನ ಅಂಗಡಿಗೆ ಒಂದು ಕಟ್ಟುಪಾಡಿದೆ. ಕೆಲಸ ಮುಗಿದ ಮೇಲೆ ಗಾಡಿಯನ್ನು ನಾನೇ ಓಡಿಸಿ ನೋಡಬೇಕು. ಅಂಗಡಿಯ ಹಿಂದೆ, ಮುಚ್ಚಿಹೋದ ಗೋದಾಮುಗಳ ನಡುವೆ ಒಂದು ಕಿಲೋಮೀಟರ್ ಉದ್ದದ ರಸ್ತೆಯಿದೆ, ಗೆರೆ ಎಳೆದಷ್ಟು ನೇರ. ಅಲ್ಲಿ ಒಂದು ಸುತ್ತು ಹೋಗಿ ಬಂದು, ಜೇಬಿನಿಂದ ಸೀಮೆಸುಣ್ಣ ತೆಗೆದು, ಮುಂದಿನ ಗಾಜಿನ ಮೂಲೆಯಲ್ಲಿ ಸರಿ ಗುರುತು ಹಾಕುತ್ತೇನೆ. ಆ ಗುರುತು ಬೀಳದೆ ಯಾವ ಗಾಡಿಯೂ ನನ್ನ ಗೇಟು ದಾಟಿದ್ದಿಲ್ಲ.

ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು ನನ್ನ ಸೊಸೆ. ಮಗ ಲೆಕ್ಕದ ಮೇಷ್ಟ್ರು. ಟಯರ್ ಪಂಕ್ಚರ್ ಆದರೆ ರಸ್ತೆ ಬದಿಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡುವಂಥ ಜಾಣ. ಸೊಸೆ ಮೊದಲು ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಇದ್ದಳು. ಕಾರ್ಖಾನೆ ಮುಚ್ಚಿದಾಗ ಎರಡು ವಾರ ಮನೆಯಲ್ಲಿ ಕೂತು, ಮೂರನೇ ವಾರ ತನ್ನದೇ ಸ್ಪ್ಯಾನರುಗಳ ಪೆಟ್ಟಿಗೆ ಹಿಡಿದುಕೊಂಡು ನನ್ನ ಹಿಂದೆಯೇ ಅಂಗಡಿಗೆ ಬಂದುಬಿಟ್ಟಳು. ಅದಾಗಿ ಐದು ವರ್ಷ. ಅವಳು ತಿರುವಿದ ಬೋಲ್ಟನ್ನು ನಾನು ಮತ್ತೆ ಮುಟ್ಟಿ ನೋಡುವುದಿಲ್ಲ. ನನ್ನಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿಲ್ಲ. ಆದರೆ ಆ ಕೊನೆಯ ಓಟ, ಆ ಸೀಮೆಸುಣ್ಣ, ಅವೆರಡನ್ನು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಎರಡು ಸಲ ಕೇಳಿದ್ದಳು. ಎರಡು ಸಲವೂ ನಾನು ಕಿವಿ ಕೇಳದವನ ಹಾಗೆ ಮಾಡಿದ್ದೆ.

ಒಂದು ಗುರುವಾರ ಬೆಳಿಗ್ಗೆ ರಕ್ತನಿಧಿಯ ಡ್ರೈವರಮ್ಮ ಅಂಗಡಿಗೆ ಬಂದಳು. ನಮ್ಮ ಊರಿನ ರಕ್ತನಿಧಿಯಿಂದ ಸುತ್ತಮುತ್ತಲ ಆಸ್ಪತ್ರೆಗಳಿಗೆ ರಕ್ತದ ಪೆಟ್ಟಿಗೆಗಳನ್ನು ಮುಟ್ಟಿಸುವುದು ಅವಳ ಕೆಲಸ. ಅದಕ್ಕೆಂದು ಒಂದು ಬೂದು ಬಣ್ಣದ ಗಾಡಿಯಿದೆ. ನೋಡಲು ಸಾಧು, ಆದರೆ ಎಂಜಿನ್ನು ಟರ್ಬೊ ಇರುವ ಭಾರಿ ಎಂಜಿನ್ನು, ಎಳೆಯುವುದೆಲ್ಲ ಮುಂದಿನ ಎರಡು ಚಕ್ರಗಳು. ಯಾರೋ ದಾನಿ ಕೊಟ್ಟದ್ದು. ಮೊದಲು ಅದನ್ನು ಓಡಿಸುತ್ತಿದ್ದವನನ್ನು ಎಲ್ಲರೂ ಪೈಲ್ವಾನ ಎನ್ನುತ್ತಿದ್ದರು. ಅವನು ನಿವೃತ್ತನಾದ ಮೇಲೆ ನಾಲ್ಕು ತಿಂಗಳಿಂದ ಈಕೆ ಓಡಿಸುತ್ತಿದ್ದಳು. ನನ್ನ ಭುಜದಷ್ಟು ಎತ್ತರ, ಕಡ್ಡಿಯಂಥ ಕೈ.

ಆಗಿದ್ದು ಇಷ್ಟು. ಹಿಂದಿನ ವಾರ ಅಡ್ಡರಸ್ತೆಯಿಂದ ಹೆದ್ದಾರಿಗೆ ಹತ್ತುವಾಗ ಹಿಂದಿನಿಂದ ಲಾರಿಯೊಂದು ನುಗ್ಗಿ ಬರುತ್ತಿತ್ತಂತೆ. ಅದರ ಮುಂದೆ ಜಾಗ ಮಾಡಿಕೊಳ್ಳಲು ಈಕೆ ಎಕ್ಸಿಲರೇಟರನ್ನು ಪೂರ್ತಿ ಒತ್ತಿದ್ದಾಳೆ. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಬಲಕ್ಕೆ ಎಳೆದು, ಗಾಡಿ ರಸ್ತೆ ನಡುವಿನ ಕಂಬಿಬೇಲಿಗೆ ಉಜ್ಜಿ, ಪಕ್ಕದ ಕನ್ನಡಿ ಹಾರಿಹೋಗಿದೆ. ಯಾರಿಗೂ ಏನೂ ಆಗಲಿಲ್ಲ, ಪೆಟ್ಟಿಗೆಗಳೂ ಸಮಯಕ್ಕೆ ಮುಟ್ಟಿದವು. ಆದರೆ ಕಚೇರಿಯವರು ಅವಳನ್ನು ಕೆಲಸದಿಂದ ದೂರ ಇಟ್ಟು, ಗಾಡಿಯಲ್ಲಿ ದೋಷ ಇದೆಯೋ ಇಲ್ಲವೋ ಬರೆದುಕೊಡಿ ಎಂದು ಗಾಡಿಯನ್ನು ನನ್ನ ಅಂಗಡಿಗೆ ಕಳಿಸಿದರು. ನಾನು ನೂಲು ಕಟ್ಟಿದೆ. ನಾಲ್ಕೂ ಚಕ್ರ ನೆಟ್ಟಗಿದ್ದವು. ಹಿಂದಿನ ರಸ್ತೆಯಲ್ಲಿ ಓಡಿಸಿದೆ. ಬಾಣದ ಹಾಗೆ ಹೋಯಿತು. ಅಂಗಡಿಯ ಹೆಸರಿರುವ ಕಾಗದದಲ್ಲಿ ‘ಗಾಡಿಯಲ್ಲಿ ಯಾವ ದೋಷವೂ ಇಲ್ಲ’ ಎಂದು ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಮ್ಮ ಬುದ್ಧಿ ಎಲ್ಲಿ ನಿಲ್ಲುತ್ತದೆ? ಯಾರೂ ಕೇಳದಿದ್ದರೂ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಚಾಲಕಿಗೆ ಇಂಥ ಬಲವಾದ ಗಾಡಿ ಓಡಿಸುವ ಅಭ್ಯಾಸ ಸಾಲದು.’

ಆ ಸಾಲಿನ ನಕಲು ಹಿಡಿದುಕೊಂಡೇ ಅವಳು ಬಂದಿದ್ದಳು. ಸೋಮವಾರ ವಿಚಾರಣೆಯಂತೆ. ಈ ಕಾಗದ ಹಾಗೇ ನಿಂತರೆ ಅವಳ ಕೆಲಸ ಹೋಗುವುದಷ್ಟೇ ಅಲ್ಲ, ಇನ್ನು ಯಾವ ಆಸ್ಪತ್ರೆಯೂ ಅವಳ ಕೈಗೆ ಗಾಡಿ ಕೊಡುವುದಿಲ್ಲ.

ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕಾಗದವನ್ನು ನನ್ನ ಟೂಲ್ ಬಾಕ್ಸಿನ ಮೇಲಿಟ್ಟು ಹೇಳಿದಳು: “ಕೆಲಸ ಹೋದ್ರೆ ಹೋಗ್ಲಿ ಮೇಸ್ತ್ರಿ, ಇನ್ನೊಂದು ಹುಡುಕ್ಕೋತೀನಿ. ಆದ್ರೆ ನನಗೆ ಓಡ್ಸೋಕೆ ಬರಲ್ಲ ಅಂತ ಬರೆಸ್ಕೊಂಡು ಹೋಗಲ್ಲ. ಹದಿನೆಂಟು ವರ್ಷ ಓಡಿಸಿದೀನಿ. ಆ ಗಾಡಿ ಎಳೆಯುತ್ತೆ.”

ನನಗೆ ಪಿತ್ತ ನೆತ್ತಿಗೇರಿತು. ನೂಲು ಸುಳ್ಳು ಹೇಳುವುದಿಲ್ಲ, ನನ್ನ ಕೈಯೂ ಹೇಳುವುದಿಲ್ಲ ಎಂದೆ. ಸ್ಟೇರಿಂಗ್ ಹಿಡಿಯಲು ಕೈಯಲ್ಲಿ ಬಲ ಬೇಕಮ್ಮ ಎಂದೂ ಹೇಳಿದೆ. ಅವಳು ನನ್ನ ಕೈಗಳನ್ನೇ ಒಂದು ಗಳಿಗೆ ನೋಡಿದಳು.

“ಬಲ ಹಾಕಿ ಹಿಡಿದ್ರೆ ಗಾಡಿ ಏನು ಹೇಳ್ತಿದೆ ಅಂತ ಹೇಗೆ ಗೊತ್ತಾಗುತ್ತೆ?” ಎಂದಳು. ಹಾಗೆಂದು ತಿರುಗಿ ನಡೆದುಬಿಟ್ಟಳು. ಗೇಟಿನ ತನಕ ಒಂದೇ ನಡಿಗೆ, ಒಮ್ಮೆಯೂ ಹಿಂದೆ ನೋಡಲಿಲ್ಲ.

ಕನ್ನಡಿ ಹಾಕಲು ಗಾಡಿ ಇನ್ನೂ ನಮ್ಮಲ್ಲೇ ಇತ್ತು. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಸೊಸೆ ಅದರ ಪಕ್ಕ ನಿಂತಿದ್ದಳು. ಇನ್ನೊಂದು ಸಲ ಓಡಿಸಿ, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದಳು. ನನಗೆ ಹೊಟ್ಟೆ ತುಂಬಿದ್ದರಿಂದ ಕೋಪ ಇಳಿದಿತ್ತು. ಸರಿ ಎಂದೆ. ನಾನು ಹತ್ತುವ ಮೊದಲೇ ಅವಳು ಕೈ ನೀಡಿ ನನ್ನ ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದುಕೊಂಡು, ಸ್ಟೇರಿಂಗಿನ ನೆತ್ತಿಯ ಮೇಲೆ ಒಂದು ಗೆರೆ ಎಳೆದಳು. ಅದಕ್ಕೆ ಸರಿಯಾಗಿ ಎದುರಿಗೆ, ಮೀಟರಿನ ಮೇಲಿನ ಕಪ್ಪು ಅಂಚಿನಲ್ಲಿ ಇನ್ನೊಂದು. ಸ್ಟೇರಿಂಗ್ ನೇರ ಇದ್ದಾಗ ಎರಡು ಗೆರೆ ಒಂದಕ್ಕೊಂದು ಕೂಡುತ್ತಿದ್ದವು.

ಇದೇನು ಮಕ್ಕಳಾಟ ಎಂದು ಕೇಳಿದೆ. ಸುಮ್ಮನೆ ಓಡಿಸಿ ಮಾವ ಎಂದಳು.

ಓಡಿಸಿದೆ. ಎರಡನೇ ಗೇರಿನಲ್ಲಿ ಎಕ್ಸಿಲರೇಟರನ್ನು ನೆಲಕ್ಕೆ ಮುಟ್ಟಿಸಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು, ಎಡಬಲದ ಗೋದಾಮುಗಳು ಸರ್ರನೆ ಹಿಂದಕ್ಕೆ ಹೋದವು, ಗಾಡಿ ರಸ್ತೆಯ ನಡುಗೆರೆಯನ್ನು ಬಿಟ್ಟು ಒಂದಂಗುಲ ಆಚೀಚೆ ಸರಿಯಲಿಲ್ಲ. ರಸ್ತೆಯ ತುದಿಯಲ್ಲಿ ನಿಲ್ಲಿಸಿ, ನೋಡಿದೆಯಾ ಎಂದು ಕೇಳಿದೆ. ನನ್ನ ದನಿಯಲ್ಲಿ ಗೆಲುವಿತ್ತು.

“ನೋಡಿದೆ ಮಾವ. ಗಾಡಿ ನೇರ ಬಂತು. ನಿಮ್ಮ ಕೈ ನೇರ ಬರಲಿಲ್ಲ.”

ನನಗೆ ಅರ್ಥವಾಗಲಿಲ್ಲ. ವಾಪಸು ಹೋಗುವಾಗ ರಸ್ತೆ ಬಿಡಿ, ಗೆರೆ ನೋಡಿ ಎಂದಳು. ರಸ್ತೆ ನೋಡದೆ ಗಾಡಿ ಓಡಿಸು ಎಂದು ಈ ವಯಸ್ಸಿನಲ್ಲಿ ಸೊಸೆಯಿಂದ ಹೇಳಿಸಿಕೊಂಡೆ. ಆದರೂ ಒಂದು ಕಣ್ಣನ್ನು ಅಲ್ಲೇ ಇಟ್ಟೆ. ಎಕ್ಸಿಲರೇಟರ್ ಒತ್ತಿದೆ. ನನ್ನ ಎಡಗೈ ನನ್ನನ್ನು ಒಂದು ಮಾತೂ ಕೇಳದೆ, ಸ್ಟೇರಿಂಗನ್ನು ಎರಡು ಬೆರಳಗಲ ಎಡಕ್ಕೆ ಇಳಿಸಿತು. ಸ್ಟೇರಿಂಗಿನ ಗೆರೆ ಮೀಟರಿನ ಗೆರೆಯಿಂದ ಅಷ್ಟು ದೂರ ಹೋಗಿ ನಿಂತಿತು. ಕಾಲು ಎತ್ತಿದೆ. ಕೈ ತಾನಾಗಿಯೇ ವಾಪಸು ಬಂತು, ಗೆರೆಗಳು ಕೂಡಿದವು. ಮತ್ತೆ ಒತ್ತಿದೆ. ಮತ್ತೆ ಅದೇ.

ನಾನು ಎಡಚ. ಶಾಲೆಯಲ್ಲಿ ಅದಕ್ಕಾಗಿ ಎಷ್ಟು ಪೆಟ್ಟು ತಿಂದಿದ್ದೇನೋ ಲೆಕ್ಕವಿಲ್ಲ. ಮೂವತ್ತೆರಡು ವರ್ಷ ಬೋಲ್ಟು ತಿರುವಿ ತಿರುವಿ ಆ ಕೈ ಕಬ್ಬಿಣವಾಗಿದೆ. ಗಾಡಿ ಬಲಕ್ಕೆ ಎಳೆಯುವುದಕ್ಕೂ ಅದು ತಿದ್ದುವುದಕ್ಕೂ ನಡುವೆ ನನ್ನ ತಲೆಗೆ ಸುದ್ದಿ ಮುಟ್ಟುವಷ್ಟು ಸಮಯವೇ ಇರಲಿಲ್ಲ. ಬೇರೆ ಯಾವ ಹೊಸಬ ಓಡಿಸಿದ್ದರೂ ದೋಷ ಸಿಕ್ಕಿಬಿಡುತ್ತಿತ್ತು.

ಅಂಗಡಿಗೆ ಬಂದು ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದೆವು. ಸೊಸೆ ದೀಪ ಹಿಡಿದು ಕೆಳಗಿಳಿದಳು. ಬುಷ್‌ಗಳು ಚೆನ್ನಾಗಿದ್ದವು, ಎಂಜಿನ್ನಿನ ಮೌಂಟುಗಳು ಚೆನ್ನಾಗಿದ್ದವು, ಟಯರುಗಳಲ್ಲಿ ಗಾಳಿ ಸಮ ಇತ್ತು. ನಾನು ಮೇಲೆ ನಿಂತು ಒಂದೊಂದಕ್ಕೂ ನೋಡಿದೆಯಾ, ನೋಡಿದೆಯಾ ಎನ್ನುತ್ತಿದ್ದೆ. ಆಮೇಲೆ ಕೆಳಗೆ ಸದ್ದು ನಿಂತಿತು.

“ಮಾವ, ಎಂಜಿನ್ನಿನ ಬೆನ್ನಿಗೆ ಮೂರು ಬೋಲ್ಟಿನ ತೂತಿದೆ, ಖಾಲಿ. ಇಲ್ಲೇನಿತ್ತು?” ಎಂದು ಕೇಳಿದಳು. ತೂತಿಗೆ ಬೆರಳು ಹಾಕಿ ನೋಡಿ, ತಗ್ಗಿದ ದನಿಯಲ್ಲಿ ಮತ್ತೆ ಹೇಳಿದಳು, “ತುಕ್ಕು ಹಿಡೀಬಾರ್ದು ಅಂತ ಒಳಗೆ ಗ್ರೀಸ್ ತುಂಬಿದೆ.”

ಖಾಲಿ ತೂತಿಗೆ ಗ್ರೀಸ್ ತುಂಬುವ ಮೇಸ್ತ್ರಿ ಈ ಸುತ್ತಮುತ್ತ ಒಬ್ಬನೇ. ಅದನ್ನು ಅವಳಿಗೆ ಕಲಿಸಿದವನೂ ಅವನೇ.

ನನಗೆ ಎಲ್ಲ ನೆನಪಾಯಿತು. ಮುಂದಿನ ಚಕ್ರಗಳು ಎಳೆಯುವ ಗಾಡಿಯಲ್ಲಿ ಎಂಜಿನ್ನು ಅಡ್ಡಡ್ಡ ಕೂತಿರುತ್ತದೆ, ಗೇರ್‌ಬಾಕ್ಸು ಎಡಕ್ಕೆ ಒತ್ತಿಕೊಂಡಿರುತ್ತದೆ. ಹಾಗಾಗಿ ಚಕ್ರ ತಿರುಗಿಸುವ ಸರಳುಗಳಲ್ಲಿ, ಅಂದರೆ ಆಕ್ಸಲ್‌ಗಳಲ್ಲಿ, ಎಡಚಕ್ರಕ್ಕೆ ಹೋಗುವುದು ಗಿಡ್ಡ, ಬಲಚಕ್ರಕ್ಕೆ ಹೋಗುವುದು ಉದ್ದ. ಸಾಧಾರಣ ಎಂಜಿನ್ನಿಗೆ ಅದರಿಂದ ತೊಂದರೆಯಿಲ್ಲ. ಆದರೆ ಭಾರಿ ಎಂಜಿನ್ನಿನ ಗಾಡಿಗಳಲ್ಲಿ ಬಲಗಡೆಯದನ್ನು ಎರಡು ತುಂಡು ಮಾಡಿ, ಒಳಗಿನ ತುಂಡನ್ನು ಒಂದು ಬೇರಿಂಗಿನಲ್ಲಿ ಕೂರಿಸಿ, ಆ ಬೇರಿಂಗನ್ನು ಮೂರು ಬೋಲ್ಟಿನ ಬ್ರಾಕೆಟ್ಟಿನಿಂದ ಎಂಜಿನ್ನಿಗೇ ಬಿಗಿದಿರುತ್ತಾರೆ. ಆಗ ಚಕ್ರದ ಕಡೆ ಉಳಿಯುವ ಆಕ್ಸಲ್‌ಗಳು ಎರಡೂ ಒಂದೇ ಅಳತೆಗೆ ಬರುತ್ತವೆ. ಮೂರು ವರ್ಷದ ಹಿಂದೆ, ಸೊಸೆ ತವರಿಗೆ ಹೋಗಿದ್ದ ವಾರ, ಪೈಲ್ವಾನ ಈ ಗಾಡಿ ತಂದಾಗ ಆ ಬೇರಿಂಗ್ ಪುಡಿಯಾಗಿತ್ತು. ಹೊಸದು ಬರಲು ಆರು ವಾರ ಎಂದರು. ಆರು ವಾರ ರಕ್ತದ ಗಾಡಿ ನಿಲ್ಲಿಸಲಾದೀತೇ? ನಾನು ಅದೇ ಜಾತಿಯ ಸಣ್ಣ ಎಂಜಿನ್ನಿನ ಗಾಡಿಯೊಂದರಿಂದ ಒಂದೇ ತುಂಡಿನ ಉದ್ದ ಆಕ್ಸಲ್ ಬಿಚ್ಚಿ ಇದಕ್ಕೆ ಹಾಕಿದೆ. ಹಲ್ಲಿಗೆ ಹಲ್ಲು ಕೂತಿತು. ಓಡಿಸಿ ನೋಡಿದೆ, ನೇರ ಹೋಯಿತು, ಗುರುತು ಹಾಕಿದೆ. ಒಂದೇ ದಿನದಲ್ಲಿ ಗಾಡಿ ರಸ್ತೆಗಿಳಿಸಿದ ಈ ಕಥೆಯನ್ನು ನಾನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡಿದ್ದೇನೆ. ಹೊಸ ಭಾಗ ತರಿಸುವ ಮಾತನ್ನೇ ಮರೆತೆ. ಪೈಲ್ವಾನನ ತೋಳುಗಳೂ ನನ್ನವಂಥವೇ, ಅವನೂ ಏನೂ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಹಿಂಡುತ್ತಿದ್ದಳು. ಯಾಕೆ ಮುಖ ಹೀಗಿದೆ ಎಂದು ಅವಳು ಕೇಳಿದಾಗ ಸೊಸೆಯೇ ಅವಳಿಗೆ ವಿವರಿಸಿದಳು. ಕರವಸ್ತ್ರ ತಿರುಚಿದರೆ ತಿರುಚು ತಕ್ಷಣ ಆಚೆ ತುದಿಗೆ ಮುಟ್ಟುತ್ತದೆ, ಉದ್ದದ ಹೊದಿಕೆ ತಿರುಚಿದರೆ ಅರ್ಧ ನಡುವೆಯೇ ಉಳಿಯುತ್ತದೆ. ಆಕ್ಸಲ್ಲೂ ಹಾಗೆಯೇ. ಜೊತೆಗೆ ಗಿಡ್ಡದು ಹೆಚ್ಚು ಓರೆಯಾಗಿ ನಿಲ್ಲುತ್ತದೆ, ಉದ್ದದ್ದು ಕಡಿಮೆ. ಎಂಜಿನ್ನು ಜೋರಾಗಿ ತಿರುಚಿದಾಗ ಎರಡು ಚಕ್ರ ಎರಡು ಥರ ಎಳೆಯುತ್ತವೆ, ಸ್ಟೇರಿಂಗ್ ಒಂದು ಕಡೆಗೆ ವಾಲುತ್ತದೆ. ಇದಕ್ಕೆ ಟಾರ್ಕ್ ಸ್ಟಿಯರ್ ಅಂತಾರೆ ಅತ್ತೆ ಎಂದಳು. ನಿಂತ ಗಾಡಿಗೆ ನೂಲು ಕಟ್ಟಿದರೆ ಇದು ಸಿಗುವುದಿಲ್ಲ ಎನ್ನುವಾಗ ಮಾತ್ರ ನನ್ನ ಕಡೆ ನೋಡಲಿಲ್ಲ. ಹೆಂಡತಿ ಹೊದಿಕೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಹಾಗಾದರೆ ಬಲವಾದ ಕೈಗೆ ಕೆಲಸ ಇಲ್ಲಿದೆ, ಹಿಂಡಿ ಎಂದಳು.

ಶುಕ್ರವಾರ ಹಳೆ ಗಾಡಿಗಳ ಅಂಗಳಗಳನ್ನೆಲ್ಲ ತಿರುಗಿ ಸೊಸೆ ಬಲಗಡೆಯ ಆಕ್ಸಲ್ಲಿನ ಎರಡೂ ತುಂಡುಗಳನ್ನು ಹುಡುಕಿ ತಂದಳು. ಹೊಸ ಬೇರಿಂಗ್ ಸಿಕ್ಕಿತು. ಬ್ರಾಕೆಟ್ ಸಿಗಲಿಲ್ಲ. ಶನಿವಾರ ಬೆಳಿಗ್ಗೆ ಅವಳು ನಮ್ಮ ಅಂಗಡಿಯ ಹಳೆ ಲೇತಿನ ಮುಂದೆ ನಿಂತಳು. ದಪ್ಪ ಉಕ್ಕಿನ ತುಂಡನ್ನು ಕೊರೆದು, ಬೇರಿಂಗ್ ಕೂರುವ ಮನೆಯನ್ನು ಕೂದಲೆಳೆ ಕೂದಲೆಳೆಯಾಗಿ ಹಿಗ್ಗಿಸಿ, ನಾಲ್ಕು ಸಲ ಅಳೆದು ಒಂದು ಸಲ ಕೊರೆದಳು. ಬೇರಿಂಗನ್ನು ಅದರಲ್ಲಿಟ್ಟು ಅಂಗೈಯಿಂದ ಒತ್ತಿದಾಗ ಅದು ಉಸಿರುಬಿಟ್ಟ ಹಾಗೆ ಸದ್ದು ಮಾಡುತ್ತ ಒಳಗೆ ಹೋಯಿತು. ನಾನು ಸುಮ್ಮನೆ ನಿಂತು ನೋಡಿದೆ. ಮೂರು ಬೋಲ್ಟು ಆ ಮೂರು ತೂತುಗಳಿಗೆ ಹೊಂದಿಕೊಂಡು ಕೂತವು, ಮೂರು ವರ್ಷ ಕಾದಿದ್ದ ಗ್ರೀಸು ಅಂಚಿನಿಂದ ಹೊರಗೆ ಬಂತು. ನನ್ನ ಎದೆ ತುಂಬಿ ಬಂತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಇಂಥ ಕೆಲಸವನ್ನು ನಾನು ನನ್ನ ಒಳ್ಳೆಯ ದಿನಗಳಲ್ಲೂ ಮಾಡಿದವನಲ್ಲ.

ಆದರೆ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಈಗ ಗಾಡಿ ಸರಿಯಾಗಿದೆ. ಸೋಮವಾರ ಹೋಗಿ, ಮತ್ತೆ ನೋಡಿದಾಗ ಒಂದು ಭಾಗ ಸವೆದದ್ದು ಸಿಕ್ಕಿತು, ಬದಲಾಯಿಸಿದೆವು ಎಂದು ಬರೆದರೆ ಸಾಕು. ಡ್ರೈವರಮ್ಮನ ಕೆಲಸ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಗೊತ್ತಿರುವುದು ಹೆಂಡತಿಗೂ ಸೊಸೆಗೂ ಮಾತ್ರ, ಇಬ್ಬರೂ ಬಾಯಿ ಬಿಡುವವರಲ್ಲ. ಭಾನುವಾರ ಇಡೀ ದಿನ ಸೊಸೆ ನನಗೆ ಏನೂ ಹೇಳಲಿಲ್ಲ, ಒಂದು ನೋಟದಿಂದಲೂ ಏನೂ ಕೇಳಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಕಾಗದ ಎದುರಿಗಿಟ್ಟುಕೊಂಡು ಕೂತಾಗ ನೆನಪಾದದ್ದು ಡ್ರೈವರಮ್ಮ ಗೇಟಿನ ತನಕ ನಡೆದುಹೋದ ರೀತಿ. ಹದಿನೆಂಟು ವರ್ಷದ ಅವಳ ಕೆಲಸವನ್ನು ನಾನು ಒಂದು ಸಾಲಿನಲ್ಲಿ ಗಾಳಿಗೆ ತೂರಿದ್ದೆ. ಭಾಗ ಸವೆದಿತ್ತು ಎಂದು ಬರೆದರೆ ಆ ಸಾಲು ಅಳಿಸುವುದಿಲ್ಲ. ಭಾಗ ಸವೆದರೂ ಒಳ್ಳೆಯ ಡ್ರೈವರ್ ಆಗಿದ್ದರೆ ನಿಭಾಯಿಸುತ್ತಿದ್ದಳು ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಎಡಗೈಯಲ್ಲಿ ಪೆನ್ನು ಹಿಡಿದೆ.

ಸೋಮವಾರ ರಕ್ತನಿಧಿಯ ಕಚೇರಿಗೆ ನಾನೂ ಸೊಸೆಯೂ ಅದೇ ಗಾಡಿಯಲ್ಲಿ ಹೋದೆವು. ಡ್ರೈವರಮ್ಮ ಗೋಡೆ ಬದಿಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ನನಗೆ ನಮಸ್ಕಾರ ಹೇಳಲಿಲ್ಲ. ಮೇಲಧಿಕಾರಿ ಕನ್ನಡಕ ಹಾಕಿಕೊಂಡು ನನ್ನ ಕಾಗದವನ್ನು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ದನಿ ತಗ್ಗಿಸಿ, ಇಷ್ಟೆಲ್ಲ ಬರೆಯುವ ಅಗತ್ಯವಿಲ್ಲ ಮೇಸ್ತ್ರಿ, ಯಂತ್ರದ ದೋಷ ಎಂದು ಒಂದು ಮಾತು ಸಾಕು, ನಿಮ್ಮ ಅಂಗಡಿಗೆ ಕೆಟ್ಟ ಹೆಸರು ಯಾಕೆ ಎಂದರು. ಒಳ್ಳೆಯ ಮನುಷ್ಯರು. ನಾನು ಕಾಗದವನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡು, ಕುರ್ಚಿಯಲ್ಲಿ ಕೂತಿದ್ದವಳ ಕಡೆ ತಿರುಗಿ, ಗಟ್ಟಿಯಾಗಿ ಓದಿದೆ.

“ಈ ಗಾಡಿಗೆ ಮೂರು ವರ್ಷದ ಹಿಂದೆ ತಪ್ಪು ಆಕ್ಸಲ್ ಹಾಕಿದವನು ನಾನು. ಅಂದಿನಿಂದ ಇದು ಬಲಕ್ಕೆ ಎಳೆಯುತ್ತಿತ್ತು. ನನ್ನ ಎಡಗೈ ಅದನ್ನು ನನಗೇ ಗೊತ್ತಾಗದ ಹಾಗೆ ತಿದ್ದುತ್ತಿತ್ತು. ದೋಷವನ್ನು ಮೊದಲು ಗುರುತಿಸಿ ಹೇಳಿದವರು ಈ ಗಾಡಿಯ ಚಾಲಕಿ. ಅಷ್ಟು ಎಳೆತದಲ್ಲೂ ಯಾರಿಗೂ ಪೆಟ್ಟಾಗದಂತೆ ಗಾಡಿ ನಿಲ್ಲಿಸಿ, ರಕ್ತವನ್ನು ಸಮಯಕ್ಕೆ ಮುಟ್ಟಿಸಿದ್ದಾರೆ. ಅವರ ಬಗ್ಗೆ ನಾನು ಬರೆದ ಸಾಲು ಸುಳ್ಳು. ಗಾಡಿಯನ್ನು ಸರಿ ಮಾಡಿದವಳು ನನ್ನ ಸೊಸೆ.”

ಮೂವತ್ತೆರಡು ವರ್ಷದಲ್ಲಿ ಎಷ್ಟೋ ಕಾಗದ ಬರೆದಿದ್ದೇನೆ. ನನಗೆ ಈ ಒಂದರ ಬಗ್ಗೆ ಹೆಮ್ಮೆ ಹೆಚ್ಚು.

ಡ್ರೈವರಮ್ಮ ಎದ್ದು ನಿಂತಳು. ಗಾಡಿಯ ಕೀಲಿ ಎಲ್ಲಿ ಎಂದಷ್ಟೇ ಕೇಳಿದಳು.

ಎಲ್ಲರೂ ಹತ್ತಿದೆವು. ಮೇಲಧಿಕಾರಿ ಮುಂದೆ, ನಾವಿಬ್ಬರು ಹಿಂದೆ. ಅದೇ ಅಡ್ಡರಸ್ತೆಯಿಂದ ಅದೇ ಹೆದ್ದಾರಿಗೆ ಅವಳು ಗಾಡಿ ಹತ್ತಿಸಿದಳು. ರಸ್ತೆ ಖಾಲಿ ಇರುವುದನ್ನು ಕನ್ನಡಿಯಲ್ಲಿ ನೋಡಿ, ಎಕ್ಸಿಲರೇಟರನ್ನು ಪೂರ್ತಿ ಒತ್ತಿದಳು. ಮೇಲಧಿಕಾರಿ ಬಾಗಿಲಿನ ಹಿಡಿ ಹಿಡಿದುಕೊಂಡರು. ನಾನು ನೋಡುತ್ತಿದ್ದದ್ದು ಸ್ಟೇರಿಂಗನ್ನು. ಸೀಮೆಸುಣ್ಣದ ಗೆರೆಗಳು ಇನ್ನೂ ಅಲ್ಲೇ ಇದ್ದವು. ಅವಳ ಕಡ್ಡಿಯಂಥ ಬೆರಳುಗಳು ಲೋಟ ಹಿಡಿದಷ್ಟೇ ಹಗುರಾಗಿ ಸ್ಟೇರಿಂಗನ್ನು ಹಿಡಿದಿದ್ದವು. ಗಾಡಿ ಮೈ ತುಂಬಿಕೊಂಡು ಮುಂದೆ ನುಗ್ಗಿತು. ಎರಡು ಗೆರೆಗಳು ಒಂದನ್ನೊಂದು ಬಿಟ್ಟು ಕದಲಲಿಲ್ಲ.

ಅವಳು ಕನ್ನಡಿಯಲ್ಲಿ ಸೊಸೆಯನ್ನು ನೋಡಿ ತಲೆ ಆಡಿಸಿದಳು. ಆಮೇಲೆ ನನ್ನನ್ನು ನೋಡಿದಳು. “ಈಗ ಗಾಡಿ ಸುಮ್ನಿದೆ ಮೇಸ್ತ್ರಿ,” ಎಂದಳು.

ಕಾಗದದ ಸುದ್ದಿ ಬೀದಿಗೆ ಬರಲು ಎರಡು ದಿನ ಸಾಕಾಯಿತು. ಕೆಲವರು ನಕ್ಕರು. ಗಿರಾಕಿಗಳು ಕಡಿಮೆಯಾಗುತ್ತಾರೆಂದು ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ನೂಲು ಈಗಲೂ ನಾನೇ ಕಟ್ಟುತ್ತೇನೆ, ಅದರಲ್ಲಿ ನನ್ನ ಸಮ ಯಾರೂ ಇಲ್ಲ, ಸೊಸೆಯೂ ಇಲ್ಲ. ನೂಲು ಬಿಚ್ಚಿದ ಮೇಲೆ ಅವಳು ಬಂದು ಡ್ರೈವರ್ ಸೀಟಿನಲ್ಲಿ ಕೂರುತ್ತಾಳೆ, ನಾನು ಗೇಟು ತೆಗೆಯುತ್ತೇನೆ. ಸೀಮೆಸುಣ್ಣ ಆ ಗುರುವಾರದಿಂದ ಅವಳ ಜೇಬಿನಲ್ಲೇ ಇದೆ. ನಾನು ವಾಪಸು ಕೇಳಿಲ್ಲ.

ಹಳೆಯ ಗಿರಾಕಿಗಳು ಮಾತ್ರ ಬಿಡುವುದಿಲ್ಲ. ಯಾಕೆ ಮೇಸ್ತ್ರಿ, ವಯಸ್ಸಾಯಿತೇ, ಈಗ ನೀವು ಓಡಿಸಿ ನೋಡುವುದಿಲ್ಲವೇ ಎಂದು ಕೇಳುತ್ತಾರೆ. ನಾನು ಎಡಗೈ ಎತ್ತಿ ತೋರಿಸುತ್ತೇನೆ.

“ಇದರ ಕೈಲಿ ಕೊಟ್ರೆ ಎಲ್ಲಾ ಗಾಡೀನೂ ನೇರಾನೇ ಹೋಗುತ್ತೆ,” ಎನ್ನುತ್ತೇನೆ. “ನಿಮ್ಮ ಗಾಡಿ ನೇರ ಇದೆಯಾ ಅಂತ ತಿಳ್ಕೋಬೇಕಾದ್ರೆ ನನ್ನ ಸೊಸೇನ ಕೇಳಿ.”